ಅಜ್ಜಿ ‘ಒಂದಕ್ಕೆ’ ಹೋಗಿಲ್ಲ

“ಅಮ್ಮಾ, ಒಂದಕ್ಕೆ ಹೋಗೋದು ಅಂದ್ರೆ ಎಲ್ಲಿಗೆ?”

ಹೋದ ವರ್ಷ ಮೇ ತಿಂಗಳ ಹಾಫ್ ಟರ್ಮ್ ರಜೆ. ಲೀಡ್ಸ್‌ನ ನಮ್ಮ ಮನೆಯ ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಹನ್ನೊಂದು ವರ್ಷದ ಮಗಳು ಬಾಗಿಲಿಗೆ ಒರಗಿಕೊಂಡು ಈ ಪ್ರಶ್ನೆ ಕೇಳಿದಳು.

“ಯಾಕೆ ಪುಟ್ಟಾ?”

“ಅಜ್ಜಿ ಫೋನಲ್ಲಿ ಚಿಕ್ಕಜ್ಜಿಗೆ ಹೇಳ್ತಿದ್ರು, ನಿನ್ನೆ ರಾತ್ರಿಯಿಂದ ಒಂದಕ್ಕೇ ಹೋಗಿಲ್ಲ ಅಂತ. ಒಂದು ಗಂಟೆಗೆ ಎಲ್ಲಿಗೆ ಹೋಗಬೇಕಿತ್ತು ಅವರು?”

ಒಗ್ಗರಣೆ ಸೀದುಹೋಯಿತು.

ಆರು ತಿಂಗಳ ವೀಸಾ ಮೇಲೆ ತಿಪಟೂರಿನಿಂದ ಅಮ್ಮ ಬಂದು ಆಗ ಐದು ವಾರವಾಗಿತ್ತು. ಅರವತ್ತೆಂಟು ವರ್ಷ, ಬಿಪಿ ಇದೆ, ಸ್ವಲ್ಪ ಶುಗರ್ ಇದೆ, ಮಂಡಿನೋವು ಸಾಕಷ್ಟಿದೆ. ಮಗಳು ಶಾಲೆಯಿಂದ ತಂದ ವಾಂತಿ-ಭೇದಿ ಅವಳಿಗೆ ಒಂದೇ ದಿನದಲ್ಲಿ ವಾಸಿಯಾಗಿ, ಸೋಮವಾರ ಅಜ್ಜಿಗೆ ಅಂಟಿಕೊಂಡಿತ್ತು. ಬುಧವಾರ ಬೆಳಿಗ್ಗೆ ಎಂಟಕ್ಕೆ ಜಿಪಿ ಸರ್ಜರಿಗೆ ಫೋನ್ ಮಾಡಿ, ಎಲ್ಲರಂತೆ ಸಾಲಿನಲ್ಲಿ ಕಾದೆ. ಮಧ್ಯಾಹ್ನ ಎರಡರ ಮೇಲೆ ವಾಪಸ್ ಫೋನ್ ಮಾಡುತ್ತೇವೆ ಎಂದರು. ನನಗೆ ಲ್ಯಾಬಿನಲ್ಲಿ ಬಿಡಲಾರದ ಮೂರು ಗಂಟೆಯ ಕೆಲಸವಿತ್ತು. ನಮ್ಮ ಕ್ಲೀನ್‌ರೂಮಿಗೆ ಮೊಬೈಲ್ ಒಯ್ಯುವಂತಿಲ್ಲ, ಆದ್ದರಿಂದ ಮನೆಯ ನಂಬರನ್ನೂ ಕೊಟ್ಟು, ಒಂದು ಗಂಟೆಯೊಳಗೆ ಬಂದುಬಿಡುತ್ತೇನೆ ಎಂದು ಅಜ್ಜಿ-ಮೊಮ್ಮಗಳನ್ನು ಬಿಟ್ಟು ಹೋದೆ. ಫೋನ್ ಬಂದದ್ದು ಹನ್ನೊಂದು ನಲವತ್ತಕ್ಕೆ. ಎತ್ತಿದ್ದು ಮಗಳು.

ಆಮೇಲೆ ಅವಳಿಂದ ಕೇಳಿ ಕೇಳಿ ಆ ಮಾತುಕತೆಯನ್ನು ಜೋಡಿಸಿಕೊಂಡಿದ್ದೇನೆ. ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಇವಳು ಹೇಳಿದಳು. ಹಾಗಿದ್ದರೆ ನೀನೇ ಕೇಳಿ ಹೇಳಮ್ಮ ಎಂದರು ಅತ್ತಲಿಂದ. ಜ್ವರ ಇದೆಯಾ, ಭೇದಿಯಲ್ಲಿ ರಕ್ತ ಇದೆಯಾ, ಎಲ್ಲ ಆಯಿತು. ಕೊನೆಗೆ ಬಂದದ್ದು, “ಈಸ್ ಶೀ ಪಾಸಿಂಗ್ ವಾಟರ್?” ಇಲ್ಲಿಯ ಡಾಕ್ಟರುಗಳು, ನರ್ಸುಗಳು ಮೂತ್ರದ ಬಗ್ಗೆ ಕೇಳುವುದು ಹೀಗೆಯೇ, ಸ್ವಲ್ಪ ಮರೆಮಾಡಿ. ಇಂಗ್ಲೆಂಡಿನಲ್ಲೇ ಹುಟ್ಟಿ ಬೆಳೆದ ನನ್ನ ಮಗಳಿಗೆ ಆ ಮಾತು ಗೊತ್ತಿರಲಿಲ್ಲ. ಅವಳು ಪ್ರಾಮಾಣಿಕವಾಗಿ ಕನ್ನಡ ಮಾಡಿದಳು: “ಅಜ್ಜಿ, ನೀರು ಹೋಗ್ತಾ ಇದ್ಯಾ ಅಂತೆ.” ಅಮ್ಮನೂ ಅಷ್ಟೇ ಪ್ರಾಮಾಣಿಕವಾಗಿ ಉತ್ತರಿಸಿದರು: “ಹ್ಞೂ ಕಣೇ, ನೀರು ಹೋಗ್ತಾ ಇದೆ. ಊಟಾನೇ ಸೇರ್ತಾ ಇಲ್ಲ.” ಮಗಳು ಫೋನಿಗೆ ಹೇಳಿದಳು: ಎಸ್, ಪಾಸಿಂಗ್ ವಾಟರ್, ಬಟ್ ನಾಟ್ ಈಟಿಂಗ್. ಸರಿ, ಚೆನ್ನಾಗಿ ನೀರು ಕುಡಿಸಿ, ಎರಡು ದಿನದಲ್ಲಿ ಕಡಿಮೆಯಾಗದಿದ್ದರೆ ಮತ್ತೆ ಫೋನ್ ಮಾಡಿ ಎಂದರು.

ಮೂವರಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಆ ಸರ್ಜರಿಯ ಮೇಲೆ ನನಗೆ ಸಿಟ್ಟಿದೆ, ಇಲ್ಲ ಎನ್ನಲಾರೆ. ಹನ್ನೊಂದರ ಹುಡುಗಿಯ ಬಾಯಲ್ಲಿ ಅರವತ್ತೆಂಟರ ರೋಗಿಯ ವಿಚಾರಣೆ ಮಾಡಬಾರದಿತ್ತು. ಎನ್‌ಎಚ್‌ಎಸ್‌ನ ಮಾರ್ಗಸೂಚಿಗಳು ಮಕ್ಕಳನ್ನು ದುಭಾಷಿಗಳನ್ನಾಗಿ ಬಳಸಬಾರದು ಎನ್ನುತ್ತವೆ. ಆದರೆ ಆ ಮಗುವನ್ನು ಫೋನಿನ ಪಕ್ಕ ಬಿಟ್ಟುಹೋದವಳು ನಾನು. ಅದಕ್ಕಿಂತ ಮುಜುಗರದ ಸಂಗತಿ, ಅವಳ ಕನ್ನಡದ ಬಗ್ಗೆ ಊರೆಲ್ಲ ಜಂಬ ಕೊಚ್ಚಿಕೊಂಡವಳೂ ನಾನೇ.

ಆ ಸಂಜೆ ಅಮ್ಮನ ಕೋಣೆಗೆ ಹೋಗಿ ನೇರವಾಗಿ ಕೇಳಿದೆ. ಹಿಂದಿನ ರಾತ್ರಿ ಒಂದು ಸಲ, ಅದೂ ಸ್ವಲ್ಪ, ಗಾಢ ಬಣ್ಣದ್ದು. ಆಮೇಲೆ ಏನೂ ಇಲ್ಲ. “ಅದನ್ನೆಲ್ಲ ಮಗು ಹತ್ರ ಹೇಗೆ ಹೇಳ್ಲಿ?” ಎಂದರು. ನಾಲಿಗೆ ಒಣಗಿತ್ತು, ಎದ್ದು ನಿಂತರೆ ತಲೆ ಸುತ್ತುತ್ತಿತ್ತು. ಬಿಪಿ ಮಾತ್ರೆ? “ತಪ್ಪಿಸೇ ಇಲ್ಲಮ್ಮ, ದಿನಾ ತಗೊಂಡಿದೀನಿ.” ಮಂಡಿನೋವಿನದು? ಅದೂ ದಿನಕ್ಕೆರಡು.

ಡಾಕ್ಟರನ್ನು ಹುಡುಕುವ ನಮ್ಮ ಪದ್ಧತಿ

ಊರಿನಲ್ಲಾಗಿದ್ದರೆ ಏನು ಮಾಡುತ್ತಿದ್ದೆವು? ಕಿಡ್ನಿ ಎಂದ ತಕ್ಷಣ “ಬೆಂಗಳೂರಲ್ಲಿ ಒಳ್ಳೆ ನೆಫ್ರಾಲಜಿಸ್ಟ್ ಯಾರು?” ಎಂದು ನಾಲ್ಕು ಜನಕ್ಕೆ ಫೋನ್ ಹೋಗುತ್ತಿತ್ತು. ಭಾವಮೈದುನನ ಸ್ನೇಹಿತನ ಅಕ್ಕ ಯಾವುದೋ ಆಸ್ಪತ್ರೆಯಲ್ಲಿ ಇದ್ದೇ ಇರುತ್ತಾರೆ. ರಾತ್ರಿಯೇ ಕಾರು ಹೊರಡುತ್ತಿತ್ತು. ನಾನೂ ಅದನ್ನೇ ಮಾಡಿದೆ. ನಮ್ಮ ಕನ್ನಡ ವಾಟ್ಸಾಪ್ ಗುಂಪಿನಲ್ಲಿ ಏಳೂಕಾಲಕ್ಕೆ ಬರೆದೆ: ಲೀಡ್ಸ್ ಹತ್ತಿರ ಒಳ್ಳೆ ಕಿಡ್ನಿ ಡಾಕ್ಟರ್ ಯಾರಾದರೂ ಗೊತ್ತಾ? ಅರ್ಜೆಂಟ್.

ಕನ್ನಡ ಬಳಗ ಯುಕೆ 1983ರಲ್ಲಿ ಶುರುವಾದಾಗಿನಿಂದಲೂ ಈ ದೇಶದ ಕನ್ನಡಿಗರಲ್ಲಿ ಡಾಕ್ಟರುಗಳಿಗೆ ಬರವಿಲ್ಲ. ಹತ್ತು ನಿಮಿಷದಲ್ಲಿ ಹನ್ನೆರಡು ಉತ್ತರ ಬಂತು. ಮ್ಯಾಂಚೆಸ್ಟರಿನ ಒಬ್ಬರು ಖಾಸಗಿ ತಜ್ಞರ ಹೆಸರು ಕಳಿಸಿದರು, ಮುಂದಿನ ಬುಧವಾರ ಸಮಯ ಸಿಗಬಹುದಂತೆ. ಬಾರ್ಲಿ ನೀರು ಕುಡಿಸಿ ಎಂದವರಿಬ್ಬರು. ಬರ್ಮಿಂಗ್‌ಹ್ಯಾಮಿನ ಒಬ್ಬ ಹಿರಿಯ ವೈದ್ಯರು ಗುಂಪಿನಲ್ಲಿ ಬರೆಯದೆ ನನಗೇ ಫೋನ್ ಮಾಡಿದರು. ಇವರು ಮೂಳೆ ಡಾಕ್ಟರು, ಕಿಡ್ನಿಗೆ ಸಂಬಂಧವೇ ಇಲ್ಲ. ವಿವರ ಕೇಳಿ ಹೇಳಿದ್ದು ಎರಡೇ ಮಾತು: “ಡಾಕ್ಟರನ್ನ ಹುಡುಕ್ಬೇಡಿ. ರಕ್ತಪರೀಕ್ಷೆ ಎಲ್ಲಿ ಈ ರಾತ್ರೀನೇ ಆಗತ್ತೆ ಅದನ್ನ ಹುಡುಕಿ.”

ಈ ಲೇಖನ ಬರೆಯಲು ಕುಳಿತದ್ದೇ ಆ ಮಾತಿನಿಂದ. ಬ್ರಿಟನ್ನಿನಲ್ಲಿ ದಿಢೀರ್ ಕಿಡ್ನಿ ತೊಂದರೆಗೆ ತಜ್ಞರ ಬಾಗಿಲನ್ನು ನಾವು ತಟ್ಟಲಾಗುವುದಿಲ್ಲ. ಖಾಸಗಿಯಾಗಿ ಹಣ ಕೊಟ್ಟು ನೋಡಬಹುದು. ಆದರೆ ಅದು ವರ್ಷಗಟ್ಟಲೆಯ ಕಿಡ್ನಿ ಕಾಯಿಲೆಗೆ ಸರಿ, ಗಂಟೆಗಳಲ್ಲಿ ಕೆಡುವ ಕಿಡ್ನಿಗೆ ಪ್ರಯೋಜನವಿಲ್ಲ. ದಾರಿ ಇರುವುದು ಹೀಗೆ: ಹಗಲಾದರೆ ಜಿಪಿ, ಅವರು ಅದೇ ದಿನ ರಕ್ತ ತೆಗೆಸಬಲ್ಲರು. ರಾತ್ರಿ, ವಾರಾಂತ್ಯ ಅಥವಾ ಗೊಂದಲವಿದ್ದರೆ 111. ಮೂತ್ರ ನಿಂತೇಹೋಗಿದ್ದರೆ, ಮಂಪರು ಅಥವಾ ಗೊಂದಲದ ಮಾತಿದ್ದರೆ ನೇರ ಎ ಅಂಡ್ ಇ. ಉಸಿರಾಟ ಕಷ್ಟವಾದರೆ, ಎಚ್ಚರ ತಪ್ಪುತ್ತಿದ್ದರೆ 999. 111ಕ್ಕೆ ಫೋನ್ ಮಾಡಿದಾಗ ಭಾಷೆಯ ಹೆಸರು ಹೇಳಿದರೆ ದುಭಾಷಿಯನ್ನು ಸಾಲಿಗೆ ತರುತ್ತಾರೆ, ಹಣವಿಲ್ಲ. ‘ಕನ್ನಡ’ ಎಂದು ಬಿಡಿಸಿ ಹೇಳಿ, ಕೆನಡಾ ಎಂದುಕೊಳ್ಳುತ್ತಾರೆ.

ಒಂಬತ್ತರ ಹೊತ್ತಿಗೆ ನಾವು ಎ ಅಂಡ್ ಇ ಕುರ್ಚಿಯಲ್ಲಿದ್ದೆವು. ಗಂಡ ಮಗಳೊಂದಿಗೆ ಮನೆಯಲ್ಲಿ ಉಳಿದರು.

ಸೂಟ್‌ಕೇಸಿನಲ್ಲಿದ್ದ ಒಂದು ಸಂಖ್ಯೆ

ಅಮ್ಮನ ಮಾತ್ರೆಗಳನ್ನೆಲ್ಲ ಜಿಪ್ ಚೀಲದಲ್ಲಿ ಹಾಗೇ ತಂದಿದ್ದೆ. ಆ ರಾತ್ರಿ ನಾನು ಮಾಡಿದ ಒಂದೇ ಜಾಣ ಕೆಲಸ ಅದು. ಯುವ ಡಾಕ್ಟರು ಪಟ್ಟಿಗಳನ್ನು ತಿರುಗಿಸಿ ನೋಡಿದರು. ಬಿಪಿಗೆ ಟೆಲ್ಮಿಸಾರ್ಟನ್, ಅದರೊಳಗೇ ಸೇರಿಸಿದ ಮೂತ್ರ ಹೆಚ್ಚಿಸುವ ಔಷಧಿ. ಶುಗರ್‌ಗೆ ಮೆಟ್‌ಫಾರ್ಮಿನ್. ಮಂಡಿಗೆ ಡೈಕ್ಲೋಫೆನಾಕ್ ಇರುವ ನೋವಿನ ಮಾತ್ರೆ. ಡೈಕ್ಲೋಫೆನಾಕ್ ಮಾತ್ರೆ ಈ ದೇಶದಲ್ಲಿ 2015ರ ಜನವರಿಯಿಂದ ಡಾಕ್ಟರ ಚೀಟಿ ಇಲ್ಲದೆ ಸಿಗುವುದಿಲ್ಲ. ಆ ನಿರ್ಧಾರಕ್ಕೆ ಕಾರಣ ಹೃದಯದ ಅಪಾಯ. ನಮ್ಮವರ ಸೂಟ್‌ಕೇಸುಗಳಲ್ಲಿ ಮಾತ್ರ ಚಟ್ನಿಪುಡಿಯ ಪಕ್ಕ ಅದು ಇದ್ದೇ ಇರುತ್ತದೆ.

ಇವು ಸೇರಿದಾಗ ಏನಾಗುತ್ತದೆ ಎಂಬುದನ್ನು ನನಗೆ ಅರ್ಥವಾದಂತೆ ಹೇಳುತ್ತೇನೆ. ನಾನು ವಸ್ತುವಿಜ್ಞಾನದವಳು, ವೈದ್ಯಳಲ್ಲ. ಕಿಡ್ನಿಯ ಒಂದೊಂದು ಸೋಸುವ ಗಂಟನ್ನೂ ಒಂದು ತೊಟ್ಟಿ ಎಂದುಕೊಳ್ಳಿ. ಒಳಬರುವ ಕೊಳಾಯಿ ಒಂದು, ಹೊರಹೋಗುವುದು ಒಂದು. ತೊಟ್ಟಿಯಲ್ಲಿ ಒತ್ತಡವಿದ್ದರೆ ಮಾತ್ರ ಸೋಸುವಿಕೆ ನಡೆಯುತ್ತದೆ. ಭೇದಿಯಾಗಿ ಮೈಯ ನೀರು ಹೋದಾಗ ಮುಖ್ಯ ಪೈಪಿನಲ್ಲೇ ನೀರು ಕಡಿಮೆ. ಮೂತ್ರ ಹೆಚ್ಚಿಸುವ ಔಷಧಿ ಇನ್ನಷ್ಟು ಹರಿಸಿಬಿಡುತ್ತದೆ. ಇಂಥ ಸಮಯದಲ್ಲಿ ಕಿಡ್ನಿ ಒಳಕೊಳಾಯಿಯನ್ನು ಅಗಲಿಸಿ, ಹೊರಕೊಳಾಯಿಯನ್ನು ಬಿಗಿಮಾಡಿ ಹೇಗೋ ಒತ್ತಡ ಕಾಪಾಡಿಕೊಳ್ಳುತ್ತದೆ. ನೋವಿನ ಮಾತ್ರೆ ಒಳಕೊಳಾಯಿ ಅಗಲವಾಗಲು ಬಿಡುವುದಿಲ್ಲ. ಟೆಲ್ಮಿಸಾರ್ಟನ್ ಜಾತಿಯ ಮಾತ್ರೆ ಹೊರಕೊಳಾಯಿಯನ್ನು ಸಡಿಲಿಸುತ್ತದೆ. ಒಂದೊಂದೇ ಆದರೆ ಆರೋಗ್ಯವಂತ ದಿನದಲ್ಲಿ ಕಿಡ್ನಿ ತಡೆದುಕೊಳ್ಳುತ್ತದೆ, ಟೆಲ್ಮಿಸಾರ್ಟನ್ ದೀರ್ಘಕಾಲದಲ್ಲಿ ಕಿಡ್ನಿಯನ್ನು ಕಾಪಾಡುವುದೂ ಉಂಟು. ವಾಂತಿ-ಭೇದಿಯ ದಿನ ಮೂರೂ ಒಟ್ಟಿಗೆ ಬಂದರೆ ತೊಟ್ಟಿ ಖಾಲಿ. ಮೆಟ್‌ಫಾರ್ಮಿನ್ ಕಿಡ್ನಿಯನ್ನು ಕೆಡಿಸುವುದಿಲ್ಲ, ಆದರೆ ಕೆಟ್ಟ ಕಿಡ್ನಿ ಅದನ್ನು ಹೊರಹಾಕಲಾರದೆ ರಕ್ತದಲ್ಲಿ ಆಮ್ಲ ಹೆಚ್ಚುವ ಅಪಾಯವಿದೆ.

ಹನ್ನೆರಡೂವರೆಗೆ ಫಲಿತಾಂಶ ಬಂತು. ಕ್ರಿಯಾಟಿನಿನ್ 212.

ಇಲ್ಲೊಂದು ಸಂಗತಿಯನ್ನು ನಿಧಾನವಾಗಿ ಓದಿ. 2009ರಲ್ಲಿ ಈ ದೇಶದಲ್ಲಿ ಒಂದು ತನಿಖಾ ವರದಿ ಬಂತು. ಅದರ ಹೆಸರನ್ನು ಕನ್ನಡಕ್ಕೆ ತಂದರೆ ‘ಗಾಯದ ಮೇಲೆ ಬರೆ’ ಎನ್ನಬಹುದು. ದಿಢೀರ್ ಕಿಡ್ನಿ ಹಾನಿಯಾಗಿ ಆಸ್ಪತ್ರೆಯಲ್ಲಿ ಸತ್ತವರ ಕಡತಗಳನ್ನು ತಜ್ಞರು ತೆರೆದು ನೋಡಿದರೆ, ಅರ್ಧದಷ್ಟು ಜನಕ್ಕೆ ಮಾತ್ರ ಒಳ್ಳೆಯ ಆರೈಕೆ ಸಿಕ್ಕಿತ್ತು. ಕಾಯಿಲೆ ಗುರುತಿಸುವುದರಲ್ಲೇ ತಡವಾಗುತ್ತಿತ್ತು. ಆಮೇಲೆ 2013ರಲ್ಲಿ ನೈಸ್ ಸಂಸ್ಥೆಯ ಮಾರ್ಗಸೂಚಿ ಬಂತು. 2014ರ ಜೂನ್‌ನಲ್ಲಿ ಎನ್‌ಎಚ್‌ಎಸ್ ಇಂಗ್ಲೆಂಡ್ ಪ್ರಯೋಗಾಲಯಗಳಿಗೆಲ್ಲ ಒಂದೇ ಬಗೆಯ ಲೆಕ್ಕಸೂತ್ರವನ್ನು ಅಳವಡಿಸಲು ಹೇಳಿತು. ರೋಗಿಯ ಇಂದಿನ ಕ್ರಿಯಾಟಿನಿನ್ನನ್ನು ಅದೇ ರೋಗಿಯ ಹಳೆಯ ಸಂಖ್ಯೆಗಳೊಂದಿಗೆ ಕಂಪ್ಯೂಟರ್ ಹೋಲಿಸುತ್ತದೆ. ಒಂದೂವರೆ ಪಟ್ಟಾದರೆ ಒಂದನೇ ಹಂತ, ಎರಡು ಪಟ್ಟಾದರೆ ಎರಡನೇ ಹಂತ, ಮೂರು ಪಟ್ಟು ದಾಟಿದರೆ ಮೂರನೇ ಹಂತ ಎಂದು ತಾನಾಗಿಯೇ ಎಚ್ಚರಿಕೆ ಕೊಡುತ್ತದೆ. ಬಹಳ ಒಳ್ಳೆಯ ಏರ್ಪಾಡು.

ಅಮ್ಮನ ಹಳೆಯ ಸಂಖ್ಯೆ ಆ ಕಂಪ್ಯೂಟರಿನಲ್ಲಿ ಇರಲಿಲ್ಲ. ಅದು ತಿಪಟೂರಿನ ಲ್ಯಾಬೊಂದರ ಹಾಳೆಯಲ್ಲಿತ್ತು. ಹೋಲಿಸಲು ಏನೂ ಸಿಗದಿದ್ದಾಗ ಯಂತ್ರ ಹೇಳುವುದು ಇಷ್ಟೇ: ಸಂಖ್ಯೆ ಹೆಚ್ಚಿದೆ, ಇದು ಹೊಸ ಪೆಟ್ಟೋ, ಹಳೆಯ ಕಾಯಿಲೆಯೋ ನೋಡಿ. ವರ್ಷಗಳಿಂದ 212 ಇದ್ದವರಿಗೂ, ಮೂರು ದಿನದಲ್ಲಿ 212 ಆದವರಿಗೂ ಮಾಡುವ ಕೆಲಸ ಬೇರೆ. “ಇವರಿಗೆ ಮೊದಲಿಂದ ಕಿಡ್ನಿ ತೊಂದರೆ ಇತ್ತಾ?” ಎಂದು ಡಾಕ್ಟರು ಕೇಳಿದರು. ಇಲ್ಲ ಎಂದೆ. ಆದರೆ ‘ಇಲ್ಲ’ ಎನ್ನುವುದು ಸಂಖ್ಯೆಯಲ್ಲವಲ್ಲ.

ಮಾರ್ಚ್‌ನಲ್ಲಿ, ಇಲ್ಲಿಗೆ ಹೊರಡುವ ಮುಂಚೆ ಅಮ್ಮ ಪರೀಕ್ಷೆ ಮಾಡಿಸಿದ್ದರು. ಕಾಗದ ಎಲ್ಲಿ? ಒಂದು ಪ್ರತಿ ಸೂಟ್‌ಕೇಸಿನಲ್ಲಿದೆ, ಆದರೆ ಯಾವ ಖಾನೆಯಲ್ಲೋ ನೆನಪಿಲ್ಲ, ಗಂಡನಿಗೆ ಸಿಗಲಿಲ್ಲ. ರಾತ್ರಿ ಎರಡು ಗಂಟೆ, ತಿಪಟೂರಿನಲ್ಲಿ ಬೆಳಗಿನ ಆರೂವರೆ. ತಮ್ಮನನ್ನು ಎಬ್ಬಿಸಿದೆ. ಅವನು ಬೀರು ತೆಗೆದು, ಎಲ್‌ಐಸಿ ಕಾಗದಗಳ ಕೆಳಗಿದ್ದ ಇನ್ನೊಂದು ಪ್ರತಿಯ ಫೋಟೋ ಕಳಿಸಿದ. ಸೀರಂ ಕ್ರಿಯಾಟಿನಿನ್ 0.9.

0.9 ಎಲ್ಲಿ, 212 ಎಲ್ಲಿ! ಕ್ಷಣಕಾಲ ಎದೆ ಧಸಕ್ಕೆಂದಿತು. ಭಾರತದ ಲ್ಯಾಬುಗಳು ಡೆಸಿಲೀಟರಿಗೆ ಮಿಲಿಗ್ರಾಂನಲ್ಲಿ ಬರೆಯುತ್ತವೆ, ಇಲ್ಲಿ ಲೀಟರಿಗೆ ಮೈಕ್ರೋಮೋಲ್. ಅಲ್ಲಿನ ಸಂಖ್ಯೆಯನ್ನು 88.4ರಿಂದ ಗುಣಿಸಬೇಕು. ಅಂದರೆ ಅಮ್ಮನ ಮಾರ್ಚ್ ತಿಂಗಳ ಸಂಖ್ಯೆ ಇಲ್ಲಿಯ ಲೆಕ್ಕದಲ್ಲಿ ಸುಮಾರು 80. ಈಗಿನದು ಅದರ ಎರಡೂವರೆ ಪಟ್ಟಿಗೂ ಹೆಚ್ಚು. ಎರಡನೇ ಹಂತ, ಹೊಸದು. ಡಾಕ್ಟರು ನನ್ನ ಫೋನಿನ ಫೋಟೋ ನೋಡಿಯೇ ಕಡತದಲ್ಲಿ ಬರೆದುಕೊಂಡರು. ಅಮ್ಮನನ್ನು ದಾಖಲು ಮಾಡಿಕೊಂಡರು.

ಕಿಡ್ನಿ ಡಾಕ್ಟರನ್ನು ನಾನು ನೋಡಲೇ ಇಲ್ಲ

ಕಾಯಿಲೆಯ ಹೆಸರು ಅಕ್ಯೂಟ್ ಕಿಡ್ನಿ ಇಂಜುರಿ, ಎಕೆಐ ಎನ್ನುತ್ತಾರೆ. ಇಂಜುರಿ ಎಂದರೆ ಪೆಟ್ಟು ಎಂದು ಹೇಳಿದ್ದಕ್ಕೆ ಅಮ್ಮ, “ನಾನು ಎಲ್ಲೂ ಬಿದ್ದೇ ಇಲ್ವಲ್ಲ” ಎಂದರು. ಈ ದೇಶದಲ್ಲಿ ತುರ್ತಾಗಿ ಆಸ್ಪತ್ರೆಗೆ ಸೇರುವವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಇದು ಸ್ವಲ್ಪವೋ ಹೆಚ್ಚೋ ಇರುತ್ತದಂತೆ. ಹೆಚ್ಚಿನವರಿಗೆ ಚಿಕಿತ್ಸೆ ಮಾಡುವವರು ಸಾಮಾನ್ಯ ವಾರ್ಡಿನ ವೈದ್ಯರೇ. ಅಮ್ಮನಿಗೂ ಹಾಗೇ: ರಕ್ತನಾಳದ ಮೂಲಕ ದ್ರವ, ಆ ಮಾತ್ರೆಗಳೆಲ್ಲ ಬಂದ್, ಮೂತ್ರ ಕಟ್ಟಿಕೊಂಡಿದೆಯೇ ಎಂದು ಹೊಟ್ಟೆಯ ಮೇಲೊಂದು ಸ್ಕ್ಯಾನ್, ಪೊಟ್ಯಾಸಿಯಂ ಮೇಲೆ ಕಣ್ಣು, ಒಳಗೆ ಹೋದದ್ದು ಹೊರಗೆ ಬಂದದ್ದರ ಲೆಕ್ಕ, ದಿನಾ ರಕ್ತ. ಮರುದಿನ 231ಕ್ಕೆ ಏರಿತು. ಅವತ್ತು ನಾನು ಏನನ್ನೂ ಓದಲಾರದೆ ಕೂತಿದ್ದೆ. ಅದರ ಮರುದಿನ 168, ಆಮೇಲೆ 112.

“ಸ್ಪೆಷಲಿಸ್ಟ್ ಯಾವಾಗ ಬರ್ತಾರೆ?” ಎಂದು ದಿನಕ್ಕೆ ಮೂರು ಸಲ ಕೇಳುತ್ತಿದ್ದೆ, ನಮ್ಮವರ ಅಭ್ಯಾಸ. ಒಬ್ಬ ನರ್ಸ್ ತಾಳ್ಮೆಯಿಂದ ವಿವರಿಸಿದರು. ಮೂರನೇ ಹಂತ ಮುಟ್ಟಿದರೆ, ಕಾರಣವೇ ತಿಳಿಯದಿದ್ದರೆ, ಚಿಕಿತ್ಸೆಗೆ ಬಗ್ಗದಿದ್ದರೆ, ಪೊಟ್ಯಾಸಿಯಂ ಅಪಾಯಕ್ಕೇರಿದರೆ, ರೋಗಿಗೆ ಮೊದಲೇ ಕಿಡ್ನಿ ಕಸಿಯಾಗಿದ್ದರೆ ಅಥವಾ ತೀವ್ರ ಕಿಡ್ನಿ ಕಾಯಿಲೆಯಿದ್ದರೆ ವಾರ್ಡಿನವರು ಕಿಡ್ನಿ ತಂಡದೊಂದಿಗೆ ಮಾತಾಡುತ್ತಾರೆ. ಬೇಕಾದರೆ ಲೀಡ್ಸ್‌ನ ಸೇಂಟ್ ಜೇಮ್ಸ್, ಮ್ಯಾಂಚೆಸ್ಟರ್ ರಾಯಲ್ ಇನ್‌ಫರ್ಮರಿ, ಸ್ಯಾಲ್‌ಫರ್ಡ್ ರಾಯಲ್, ಬರ್ಮಿಂಗ್‌ಹ್ಯಾಮಿನ ಕ್ವೀನ್ ಎಲಿಜಬೆತ್‌ನಂಥ ಕಿಡ್ನಿ ವಿಭಾಗಗಳಿಗೆ ಅವರೇ ಸಾಗಿಸುತ್ತಾರೆ. ನಮ್ಮ ವಿಷಯದಲ್ಲಿ ಕಿಡ್ನಿ ತಂಡ ಫೋನಿನಲ್ಲಿ ಒಮ್ಮೆ ಸಲಹೆ ಕೊಟ್ಟಿತು, ಅಷ್ಟೇ. ಸ್ಪೆಷಲಿಸ್ಟ್ ಮುಖ ನೋಡದೆ ಮನೆಗೆ ಬಂದರೆ ಅದು ಒಳ್ಳೆಯ ಸುದ್ದಿ ಎಂದರು ಆ ನರ್ಸ್.

ಅವರೇ ಹೇಳಿದ ಇನ್ನೊಂದು ಮಾತಿನಿಂದ ನಾನಿರುವ ಊರಿನ ಮೇಲೆ ಹೊಸ ಅಭಿಮಾನ ಬಂತು. 1956ರಲ್ಲಿ ಲೀಡ್ಸ್ ಜನರಲ್ ಇನ್‌ಫರ್ಮರಿಯಲ್ಲಿ ಫ್ರಾಂಕ್ ಪಾರ್ಸನ್ಸ್ ಎಂಬ ವೈದ್ಯರು ಅಮೆರಿಕದ ಬಾಸ್ಟನ್ನಿನಲ್ಲಿ ಕಲಿತು ಬಂದು, ತಿರುಗುವ ಡ್ರಮ್ಮಿನಂಥ ಒಂದು ಯಂತ್ರ ಇಟ್ಟುಕೊಂಡು ಬ್ರಿಟನ್ನಿನ ಮೊದಲ ಕೃತಕ ಕಿಡ್ನಿ ಘಟಕ ತೆರೆದರು. ಅದು ತೆರೆದದ್ದೇ ಅಮ್ಮನಂಥವರಿಗೆ: ಕಿಡ್ನಿ ಹಠಾತ್ತಾಗಿ ನಿಂತವರನ್ನು ಅದು ಮತ್ತೆ ಎದ್ದು ನಿಲ್ಲುವವರೆಗೆ ದಾಟಿಸಲು.

ಎರಡನೇ ದಿನ ವಾರ್ಡಿನಲ್ಲಿ ಫೋನ್ ಮೂಲಕ ಕನ್ನಡ ದುಭಾಷಿಯನ್ನು ಕರೆಸಿದರು. ನಾನು ಪಕ್ಕದಲ್ಲೇ ಇದ್ದರೂ ಕರೆಸಿದರು, ಸ್ವಲ್ಪ ಅವಮಾನವಾಯಿತು ನಿಜ. ಆಮೇಲೆ ಅರ್ಥವಾಯಿತು. ನನ್ನ ಮುಂದೆ ಹೇಳದ ಒಂದು ವಿಷಯವನ್ನು ಅಮ್ಮ ಆ ಅಪರಿಚಿತ ದನಿಗೆ ಹೇಳಿದರು: ನೋವಿನ ಮಾತ್ರೆ ದಿನಕ್ಕೆ ಎರಡಲ್ಲ, ಮೂರು. “ಮಗಳು ಬಯ್ತಾಳೆ ಅಂತ.” ದುಭಾಷಿ “ಮೂತ್ರ ವಿಸರ್ಜನೆ ಸರಾಗವಾಗಿ ಆಗುತ್ತಿದೆಯೇ?” ಎಂದಾಗ ಮಾತ್ರ ಅಮ್ಮ ಕಣ್ಣು ಕಣ್ಣು ಬಿಟ್ಟರು. ಎರಡು ಕ್ಷಣ ಬಿಟ್ಟು, “ಓ, ಒಂದಕ್ಕಾ? ಹೋಗ್ತಿದೀನಿ ಸ್ವಾಮಿ, ಚೆನ್ನಾಗಿ ಹೋಗ್ತಿದೀನಿ.” ಫೋನ್ ಇಟ್ಟ ಮೇಲೆ, “ಪಾಪ, ಧಾರವಾಡದ ಕಡೆಯೋರು ಅನ್ಸತ್ತೆ” ಎಂದರು.

ಮಕ್ಕಳಿಗೂ ಬರುತ್ತದೆ

ಅಮ್ಮನ ವಾರ್ಡಿನಲ್ಲಿ ಕೂತು ಓದಿದಾಗ ನನಗೆ ನಿಜವಾದ ಭಯ ಹುಟ್ಟಿದ್ದು ಇದರ ಬಗ್ಗೆ. ಬ್ರಿಟನ್ನಿನಲ್ಲಿ ಚಿಕ್ಕ ಮಕ್ಕಳ ಕಿಡ್ನಿ ದಿಢೀರನೆ ಕೆಡಲು ಮುಖ್ಯ ಕಾರಣ ಎಚ್‌ಯುಎಸ್ ಎಂಬ ಕಾಯಿಲೆ. ಇ-ಕೊಲೈ ಬ್ಯಾಕ್ಟೀರಿಯಾದ ವಿಷಕಾರಿ ತಳಿಗಳಿಂದ ಬರುತ್ತದೆ. ದನ, ಕುರಿಗಳ ಹೊಟ್ಟೆಯಲ್ಲಿ ಅವು ಸುಮ್ಮನೆ ಇರುತ್ತವೆ, ಆ ಪ್ರಾಣಿಗಳಿಗೆ ಏನೂ ಆಗುವುದಿಲ್ಲ. ಸರಿಯಾಗಿ ಬೇಯದ ಬರ್ಗರ್, ಕಾಯಿಸದ ಹಾಲು, ತೊಳೆಯದ ಸೊಪ್ಪು, ಮತ್ತೆ ನಾವೆಲ್ಲ ಈಸ್ಟರ್ ರಜೆಯಲ್ಲಿ ಮಕ್ಕಳನ್ನು ಕರೆದೊಯ್ಯುವ ಕುರಿಮರಿ ಮುಟ್ಟುವ ಫಾರ್ಮ್‌ಗಳು. 2009ರಲ್ಲಿ ದಕ್ಷಿಣದ ಸರ್ರೆಯಲ್ಲಿ ಇಂಥ ಒಂದು ಫಾರ್ಮ್‌ನಿಂದ 93 ಜನಕ್ಕೆ ಸೋಂಕು ತಗುಲಿ, 17 ಮಂದಿಗೆ ಎಚ್‌ಯುಎಸ್ ಆಯಿತು, ಹೆಚ್ಚಿನವರು ಮಕ್ಕಳು. ಅಲ್ಲಿ ಕೈಗೆ ಜೆಲ್ ಹಚ್ಚಿದರೆ ಸಾಲದು, ಸೋಪು ನೀರೇ ಬೇಕು.

ಇದರ ಮೋಸ ಏನೆಂದರೆ, ಭೇದಿ ಕಡಿಮೆಯಾಗುತ್ತಿದೆ ಎಂದು ನಾವು ಉಸಿರು ಬಿಡುವ ಹೊತ್ತಿಗೆ, ಸುಮಾರು ಒಂದು ವಾರದ ಮೇಲೆ, ಕಿಡ್ನಿ ಕೆಡುತ್ತದೆ. ಮಗು ಬಿಳಿಚಿಕೊಳ್ಳುತ್ತದೆ, ಸುಸ್ತಾಗುತ್ತದೆ, ನ್ಯಾಪಿ ಒಣಗಿರುತ್ತದೆ. ಭೇದಿಯಲ್ಲಿ ರಕ್ತ ಕಂಡರೆ ಅದೇ ದಿನ ಡಾಕ್ಟರಿಗೆ ತೋರಿಸಿ. ಭೇದಿ ನಿಲ್ಲಿಸುವ ಮಾತ್ರೆ, ಐಬುಪ್ರೊಫೆನ್, ಊರಿನಿಂದ ತಂದ ಆ್ಯಂಟಿಬಯೋಟಿಕ್ ಇವುಗಳನ್ನು ನಾವಾಗಿ ಕೊಡಬಾರದು. ಈ ಸೋಂಕಿನಲ್ಲಿ ಅವು ಅಪಾಯ ಹೆಚ್ಚಿಸಬಹುದು. ಎಚ್‌ಯುಎಸ್ ಆದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಕೆಲ ದಿನ ಡಯಾಲಿಸಿಸ್ ಬೇಕಾಗುತ್ತದೆ, ಬಹುಪಾಲು ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಮಕ್ಕಳ ಕಿಡ್ನಿ ಘಟಕಗಳು ಇಡೀ ಬ್ರಿಟನ್ನಿನಲ್ಲಿ 13 ಮಾತ್ರ. ನಮ್ಮ ಅದೃಷ್ಟಕ್ಕೆ ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಲೀಡ್ಸ್ ಮೂರರಲ್ಲೂ ಇವೆ. ಅಲ್ಲಿಗೂ ನಾವೇ ಕಾರು ಓಡಿಸಿಕೊಂಡು ಹೋಗುವುದಲ್ಲ. ಹತ್ತಿರದ ಆಸ್ಪತ್ರೆ ರಕ್ತ ನೋಡಿ ಕಳಿಸುತ್ತದೆ.

ಆಗಸ್ಟ್ ರಜೆಗೆ ಊರಿಗೆ ಹೋಗಿ ಬಂದವರಿಗೆ ಒಂದು ಮಾತು. ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನ ಕಡೆ ಇಲಿಜ್ವರ ಇದ್ದೇ ಇರುತ್ತದೆ, ಅದೂ ಕಿಡ್ನಿಗೆ ಹೊಡೆಯುತ್ತದೆ. ವಾಪಸ್ ಬಂದ ಮೇಲೆ ಜ್ವರ ಬಂದರೆ “ಮೂರು ವಾರದ ಹಿಂದೆ ಉಡುಪಿಯಲ್ಲಿದ್ದೆವು, ಗದ್ದೆಗೆ ಇಳಿದಿದ್ದರು” ಎಂದು ಕೇಳುವ ಮುಂಚೆಯೇ ಹೇಳಿ. ಯಾರ್ಕ್‌ಶೈರಿನ ಡಾಕ್ಟರಿಗೆ ಅದು ತಾನಾಗಿ ಹೊಳೆಯಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ದುಡ್ಡಿನ ಮಾತು

ಮೂರನೇ ದಿನ ಕ್ಲಿಪ್‌ಬೋರ್ಡ್ ಹಿಡಿದ ಒಬ್ಬರು ಬಂದು ಅಮ್ಮನ ಪಾಸ್‌ಪೋರ್ಟ್ ಕೇಳಿದರು. ಜಿಪಿ ನೋಡುವುದಕ್ಕೆ ಯಾರಿಗೂ ಹಣವಿಲ್ಲ, ಪ್ರವಾಸಿ ವೀಸಾದವರೂ ತಾತ್ಕಾಲಿಕವಾಗಿ ಹೆಸರು ನೋಂದಾಯಿಸಬಹುದು. ಎ ಅಂಡ್ ಇ ಕೂಡ ಉಚಿತ. ಆದರೆ ಒಳರೋಗಿಯಾಗಿ ದಾಖಲಾದ ಕ್ಷಣದಿಂದ ಪ್ರವಾಸಿಗೆ ಎನ್‌ಎಚ್‌ಎಸ್ ದರದ ಒಂದೂವರೆ ಪಟ್ಟು ಬಿಲ್ ಆಗುತ್ತದೆ. ಭಾರತದೊಂದಿಗೆ ಇದಕ್ಕೆ ಯಾವ ಪರಸ್ಪರ ಒಪ್ಪಂದವೂ ಇಲ್ಲ. ತಕ್ಷಣ ಬೇಕಾದ ಚಿಕಿತ್ಸೆಯನ್ನು ಹಣಕ್ಕಾಗಿ ತಡೆಯುವಂತಿಲ್ಲ, ಇದು ನಿಯಮ. ಬಿಲ್ಲಿನ ಭಯಕ್ಕೆ ಮನೆಯಲ್ಲೇ ಕೂರಬೇಡಿ, ಕಂತಿನಲ್ಲಿ ಕಟ್ಟುವ ಮಾತಾಡಬಹುದು. ಆದರೆ 500 ಪೌಂಡಿಗೆ ಮೇಲ್ಪಟ್ಟ ಬಾಕಿಯನ್ನು ಎರಡು ತಿಂಗಳು ಹಾಗೇ ಬಿಟ್ಟರೆ ಮುಂದಿನ ವೀಸಾಕ್ಕೆ ತೊಡಕಾಗಬಹುದು. ನಾವು ಪ್ರವಾಸ ವಿಮೆ ಮಾಡಿಸಿದ್ದೆವು. ಮಾಡಿಸುವಾಗ ಬಿಪಿ, ಶುಗರ್ ಇದೆ ಎಂದು ಬರೆಸಿ ಹೆಚ್ಚಿನ ಹಣ ಕಟ್ಟಿದ್ದಕ್ಕೆ ಗಂಡನನ್ನು ಆಗ ಗೇಲಿ ಮಾಡಿದ್ದೆ. ಈಗ ಮಾಡುವುದಿಲ್ಲ.

ಐದನೇ ದಿನ ಅಮ್ಮ ಮನೆಗೆ ಬಂದರು. ಬಿಪಿ ಮಾತ್ರೆಯನ್ನು ಎರಡು ವಾರದ ಮೇಲೆ ರಕ್ತ ನೋಡಿ ಮತ್ತೆ ಶುರುಮಾಡಿದರು. ನೋವಿನ ಮಾತ್ರೆ ಶಾಶ್ವತವಾಗಿ ಕಸದ ಬುಟ್ಟಿಗೆ, ಬದಲಿಗೆ ಪ್ಯಾರಾಸಿಟಮಾಲ್ ಮತ್ತು ಮಂಡಿಗೆ ವ್ಯಾಯಾಮ. ವಾಂತಿ-ಭೇದಿ ಬಂದ ದಿನ ಯಾವ ಮಾತ್ರೆ ನಿಲ್ಲಿಸಬೇಕು, ಯಾವಾಗ ಮತ್ತೆ ಶುರುಮಾಡಬೇಕು ಎಂದು ಜಿಪಿ ಅಥವಾ ಫಾರ್ಮಸಿಸ್ಟರಿಂದ ಮೊದಲೇ ಬರೆಸಿಟ್ಟುಕೊಳ್ಳಬೇಕು. ನಾವಾಗಿ ನಿಲ್ಲಿಸಬಾರದು, ಹೃದಯ ದುರ್ಬಲವಾಗಿರುವವರಿಗೆ ನಿಲ್ಲಿಸಿದ್ದೇ ಅಪಾಯವಾಗಬಹುದು. ಕೊನೆಯ ರಕ್ತಪರೀಕ್ಷೆಯಲ್ಲಿ 88 ಬಂತು.

ನನ್ನನ್ನು ಇನ್ನೂ ಕಾಡುವುದು ಮಗಳು ಕೇಳಿದ ಒಂದು ಮಾತು. ಅಜ್ಜಿ ಆಸ್ಪತ್ರೆಯಲ್ಲಿದ್ದ ಎರಡನೇ ರಾತ್ರಿ ಹಾಸಿಗೆಯಲ್ಲಿ ಮಗ್ಗುಲಾಗಿ, “ನಾನು ತಪ್ಪು ಟ್ರಾನ್ಸ್‌ಲೇಟ್ ಮಾಡಿದ್ದಕ್ಕೆ ಅಜ್ಜಿಗೆ ಹೀಗಾಯ್ತಾ?” ಎಂದಳು. ಇಲ್ಲ ಪುಟ್ಟಾ, ನೀನು ಒಂದು ಪದ ಕೇಳಿದ್ದಕ್ಕೇ ಅಜ್ಜಿ ಬೇಗ ಆಸ್ಪತ್ರೆ ಸೇರಿದ್ದು ಎಂದೆ. ನಿಜವೇ. ಆದರೂ ಅವಳು ಬಹಳ ಹೊತ್ತು ನಿದ್ದೆ ಮಾಡಲಿಲ್ಲ. ನಾವು ಈ ಮಕ್ಕಳಿಗೆ ಬಣ್ಣ, ಹಣ್ಣು, ತಿಂಗಳು, ಗಾದೆ ಎಲ್ಲ ಕಲಿಸುತ್ತೇವೆ. ಕನ್ನಡ ಶಾಲೆಯ ವಾರ್ಷಿಕೋತ್ಸವಕ್ಕೆ ವಚನ ಬಾಯಿಪಾಠ ಮಾಡಿಸುತ್ತೇವೆ. ‘ಒಂದಕ್ಕೆ, ಎರಡಕ್ಕೆ’, ‘ತಲೆ ತಿರುಗೋದು’, ‘ಹೊಟ್ಟೆ ತೊಳಸೋದು’, ‘ಜೋಮು’, ‘ಕಣ್ಣು ಕತ್ತಲೆ ಬರೋದು’ ಇವನ್ನು ನಾನು ಅವಳಿಗೆ ಹೇಳಿಕೊಟ್ಟೇ ಇರಲಿಲ್ಲ. ದುಭಾಷಿಯಾಗಲಿ ಎಂದು ಹೇಳುತ್ತಿಲ್ಲ. ಅಜ್ಜಿ ಹೇಳಿದ್ದು ಅವಳಿಗೆ ಅರ್ಥವಾಗಲಿ ಎಂದಷ್ಟೇ. ಜೊತೆಗೆ ಒಂದು ಇಂಗ್ಲಿಷ್ ವಾಕ್ಯವನ್ನೂ ಕಲಿಸಿದ್ದೇನೆ: ನಾನು ಮಗು, ದಯವಿಟ್ಟು ಕನ್ನಡ ದುಭಾಷಿಯನ್ನು ಕರೆಸಿ.

ಅಮ್ಮ ಈ ಸೆಪ್ಟೆಂಬರಿನಲ್ಲಿ ಮತ್ತೆ ಬರುತ್ತಿದ್ದಾರೆ. ತಮ್ಮ ಹೊಸ ರಕ್ತಪರೀಕ್ಷೆಯ ಫೋಟೋ ಕಳಿಸಿದ್ದಾನೆ, 0.95. ಮಗಳು ಅದನ್ನು 88.4ರಿಂದ ಗುಣಿಸಿ, 84 ಎಂದು ಫ್ರಿಜ್ ಮೇಲಿನ ಹಾಳೆಯಲ್ಲಿ ಮಾತ್ರೆಗಳ ಹೆಸರಿನ ಕೆಳಗೆ ಬರೆದಿದ್ದಾಳೆ. ಭಾನುವಾರದ ವಿಡಿಯೋ ಕಾಲ್‌ನಲ್ಲಿ ಎಲ್ಲರ ಮುಂದೆ ಕೇಳಿಯೂಬಿಟ್ಟಳು: “ಅಜ್ಜಿ, ಇವತ್ತು ಒಂದಕ್ಕೆ ಎಷ್ಟು ಸಲ ಹೋದ್ರಿ?”

“ಥೂ, ಹೋಗೇ ಅತ್ಲಾಗೆ” ಎಂದು ಅಮ್ಮ ಸೆರಗು ಬಾಯಿಗೆ ಹಿಡಿದು ನಕ್ಕರು. ಆಮೇಲೆ ದನಿ ತಗ್ಗಿಸಿ, “ಐದು ಸಲ” ಎಂದರು.